ದೊಡ್ಡ ಹೆಣ್ಣು ಜರ್ಬಿಲ್‌ಗೆ ಹೊಸ ಜೊತೆಗಾತಿ: ಹತ್ತೇ ಸೆಕೆಂಡಿಗೆ ಜಗಳ, ಈಗೇನು ಮಾಡಲಿ?

ಮರಳುಮನೆ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿರುವುದು ತುಂಬಾ ದಿನದಿಂದ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಹತ್ತಿರ ಅಕ್ಕ ತಂಗಿ ಎರಡು ಜರ್ಬಿಲ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಇದ್ದವು, ಚುಕ್ಕಿ ಮತ್ತು ಮಿಂಚು. ಮೂರು ವಾರದ ಹಿಂದೆ ಮಿಂಚು ಹೋಗಿಬಿಟ್ಟಳು. ಚುಕ್ಕಿಗೆ ಈಗ 1 ವರ್ಷ 8 ತಿಂಗಳು. ಅವತ್ತಿನಿಂದ ಅವಳು ಸುರಂಗ ತೋಡುವುದನ್ನೇ ಬಿಟ್ಟಿದ್ದಾಳೆ. ಒಂದೇ ಮೂಲೆಯಲ್ಲಿ ಗಾಜು ಕೆರೆಯುತ್ತಾಳೆ, ಇಲ್ಲವೇ ಮಲಗುತ್ತಾಳೆ. ನೋಡೋಕೆ ಆಗಲ್ಲ.

ಪರಿಚಯದವರೊಬ್ಬರ ಹತ್ತಿರ ಒಂಟಿ ಹೆಣ್ಣೊಂದು ಇತ್ತು. 11 ತಿಂಗಳು, ಪೂರ್ತಿ ಕಪ್ಪು, ಹೆಸರು ಮಸಿ. ಅವಳನ್ನು ಮನೆಗೆ ತಂದೆ. ಎರಡೂ ಹೆಣ್ಣು, ಎರಡೂ ಸಾಧು, ಹೊಂದಿಕೊಳ್ಳುತ್ತವೆ ಅಂದುಕೊಂಡು ಚುಕ್ಕಿ ಇರುವ ಗಾಜಿನ ಟ್ಯಾಂಕಿಗೇ ಬಿಟ್ಟೆ. ಹತ್ತು ಸೆಕೆಂಡೂ ಆಗಿರಲಿಲ್ಲ. ಚುಕ್ಕಿ ಮೈಕೂದಲೆಲ್ಲ ನಿಮಿರಿಸಿಕೊಂಡು ಅಡ್ಡಕ್ಕೆ ತಿರುಗಿ ನಿಂತಳು. ಆಮೇಲೆ ಎರಡೂ ಒಂದೇ ಉಂಡೆ. ಯಾವುದು ಯಾರ ಬಾಲ ಅಂತ ಗೊತ್ತಾಗಲಿಲ್ಲ. ಗಾಬರಿಯಲ್ಲಿ ಕೈ ಹಾಕಿದೆ, ತೋರುಬೆರಳಿಗೆ ಉಗುರಿನ ಪಕ್ಕ ಕಚ್ಚಿಸಿಕೊಂಡೆ. ಮಸಿಯ ಬಾಲದ ಬುಡದಲ್ಲಿ ಸ್ವಲ್ಪ ರಕ್ತ.

ಈಗ ಬೇರೆ ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ. ನಾಳೆ ಮತ್ತೆ ಪ್ರಯತ್ನ ಮಾಡಲಾ? ಇಲ್ಲ, ಇವೆರಡೂ ಯಾವತ್ತೂ ಸೇರಲ್ವಾ?

ರಾತ್ರಿಪಾಳಿ:
ನಾಳೆ ಬೇಡ! ದಯವಿಟ್ಟು ಬೇಡ. ಮೊದಲು ಬೆರಳನ್ನು ಸೋಪು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ಮಸಿಯ ಗಾಯ. ಕೂದಲು ಬಿಡಿಸಿ ನೋಡಿ. ಹಲ್ಲಿನ ಗಾಯ ಮೇಲೆ ಬೇಗ ಮುಚ್ಚಿಕೊಂಡು ಒಳಗೆ ಕೀವು ಕಟ್ಟಬಹುದು. ಊತ ಕಂಡರೆ ವೆಟ್ (ಪಶುವೈದ್ಯರ) ಹತ್ತಿರ ಹೋಗಿ, ಮನೆಮದ್ದು ಮಾಡುತ್ತಾ ಕೂರಬೇಡಿ.

ಬಾಲಂಗೋಚಿ:
ಎರಡು ಜಡೆ ಒಂದು ಕಡೆ ಸೇರಲ್ಲ ಅಂತ ಗಾದೆಯೇ ಇದೆಯಲ್ಲ 😄

ಹಳೇಜೋಡಿ:
@ಬಾಲಂಗೋಚಿ ಜರ್ಬಿಲ್‌ಗೆ ಜಡೆ ಎಲ್ಲಿದೆ ಮಾರಾಯ್ರೆ.

@ಮರಳುಮನೆ ನಿಮ್ಮ ತಪ್ಪೇನೂ ದೊಡ್ಡದಲ್ಲ, ಬಹಳ ಜನ ಹೀಗೇ ಶುರು ಮಾಡುವುದು. ನಾನೂ ಮಾಡಿದ್ದೆ. ಆದರೆ ಒಂದು ವಿಷಯ ತಲೆಯಲ್ಲಿ ಕೂರಬೇಕು. "ಸಾಧು" ಅನ್ನುವುದು ಜರ್ಬಿಲ್ ನಿಮ್ಮ ಜೊತೆ ಹೇಗಿರುತ್ತದೆ ಅನ್ನುವುದಷ್ಟೇ. ಬೇರೆ ಜರ್ಬಿಲ್ ಎದುರಿಗೆ ಅದರ ಲೆಕ್ಕವೇ ಬೇರೆ.

ಇವು ಹೊರಗೆ ಬಯಲಲ್ಲಿ ಒಂದು ಕುಟುಂಬವಾಗಿ ಇರುವ ಪ್ರಾಣಿಗಳು. ಅಪ್ಪ, ಅಮ್ಮ, ಮರಿಗಳು. ಆ ಕುಟುಂಬಕ್ಕೆಲ್ಲ ಒಂದು ವಾಸನೆ. ಹೊಟ್ಟೆಯ ನಡುವೆ ಕೂದಲಿಲ್ಲದ ಉದ್ದನೆಯ ಪಟ್ಟಿ ಇರುತ್ತದೆ ನೋಡಿ, ಅದು ವಾಸನೆಯ ಗ್ರಂಥಿ. ಅದನ್ನೇ ಕಲ್ಲಿಗೆ, ಮರಕ್ಕೆ, ಒಂದಕ್ಕೊಂದು ಉಜ್ಜಿ ಗಡಿ ಹಾಕುತ್ತವೆ. ಆ ವಾಸನೆ ಇಲ್ಲದವರು ಒಳಗೆ ಬಂದರೆ ಕಳ್ಳರು ಅಂತಲೇ ಲೆಕ್ಕ. ನೀವು ಚುಕ್ಕಿಯ ಮನೆಯೊಳಗೆ ಕಳ್ಳಿಯನ್ನು ಬಿಟ್ಟಿರಿ, ಅವಳು ಮಾಡಬೇಕಾದ್ದನ್ನೇ ಮಾಡಿದಳು.

ಗಂಡು ಗಂಡನ್ನು ಸೇರಿಸುವುದಕ್ಕಿಂತ ದೊಡ್ಡ ಹೆಣ್ಣು ಹೆಣ್ಣು ಸೇರಿಸುವುದು ಕಷ್ಟ. ಆಗುವುದೇ ಇಲ್ಲ ಅಂತಲ್ಲ. ಆದರೆ ಜಾಲರಿ ಹಾಕದೆ ಆಗಲ್ಲ.

ಮರಳುಮನೆ:
ಕಳ್ಳಿ 😞 ಪಾಪ ಮಸಿ. ಜಾಲರಿ ಅಂದರೆ ಟ್ಯಾಂಕನ್ನು ಎರಡು ಭಾಗ ಮಾಡುವುದಾ?

ಇಲಿಬಾಲ:
ಇಷ್ಟೆಲ್ಲ ಯಾಕೆ? ಯಾರದ್ದೂ ಅಲ್ಲದ ಜಾಗಕ್ಕೆ ಎರಡನ್ನೂ ಬಿಡಿ. ನೀರಿಲ್ಲದ ಸ್ನಾನದ ತೊಟ್ಟಿ ಸಾಕು. ಅರ್ಧ ಗಂಟೆ ಅಲ್ಲಿ, ದಿನಾ. ನಾನು ಆರು ಇಲಿಗಳನ್ನು ಹೀಗೇ ಸೇರಿಸಿದ್ದೇನೆ.

ಹಳೇಜೋಡಿ:
ಅವು ಇಲಿ. ಇವು ಜರ್ಬಿಲ್.

ಇಲಿಬಾಲ:
ಎರಡೂ ದಂಶಕಗಳೇ ಅಲ್ವಾ ಸರ್.

ಹಳೇಜೋಡಿ:
ಬೆಕ್ಕು, ಹುಲಿ ಎರಡೂ ಒಂದೇ ಕುಟುಂಬ ಸರ್. ಇಲಿ ಜಗಳವಾಡಿದರೆ ಒಂದು ಸೋತು ಅಂಗಾತ ಬೀಳುತ್ತದೆ, ಬಹುತೇಕ ಅಲ್ಲಿಗೆ ಮುಗಿಯುತ್ತದೆ. ಜರ್ಬಿಲ್ ಜಗಳಕ್ಕೆ ಬಿದ್ದರೆ ಸೋತವರಿಗೆ ಓಡಿಹೋಗಲು ಜಾಗ ಬೇಕು. ಬಯಲಲ್ಲಿ ಆ ಜಾಗ ಇದೆ, ತೊಟ್ಟಿಯಲ್ಲಿ ಇಲ್ಲ. ಕೊಲ್ಲುವ ತನಕ ಬಿಡುವುದಿಲ್ಲ. ನೋಡಿಯೇ ಹೇಳುತ್ತಿದ್ದೇನೆ. ಯಾರದ್ದೂ ಅಲ್ಲದ ಜಾಗದಲ್ಲಿ ಅರ್ಧ ಗಂಟೆ ಸುಮ್ಮನಿದ್ದರೂ ಅದು ಗಾಬರಿಗೆ ಸುಮ್ಮನಿರುವುದು, ಸ್ನೇಹ ಅಲ್ಲ.

ಇಲಿಬಾಲ:
ಸರಿ ಒಪ್ಪಿದೆ. ಕೋಪ ಬೇಡ.

ಹಳೇಜೋಡಿ:
ಕೋಪ ಇಲ್ಲ. ಜಾಲರಿ ವಿಷಯಕ್ಕೆ ಬರುತ್ತೇನೆ.

ಹೌದು, ಟ್ಯಾಂಕನ್ನು ಸರಿಯಾಗಿ ಎರಡು ಭಾಗ ಮಾಡಿ. ಕಬ್ಬಿಣದ ಜಾಲರಿಯೇ ಬೇಕು. ಪ್ಲಾಸ್ಟಿಕ್ಕಾದರೆ ರಾತ್ರಿ ಕಳೆಯುವಷ್ಟರಲ್ಲಿ ಕಡಿದು ಹಾಕುತ್ತವೆ. ಕಣ್ಣು ಸಣ್ಣದಿರಲಿ, 6 ಮಿ.ಮೀ. ಆಸುಪಾಸು. ದೊಡ್ಡ ಕಣ್ಣಿದ್ದರೆ ಮೂತಿ ತೂರಿಸಿ ಮೂಗು ಕಚ್ಚಿಸಿಕೊಳ್ಳುತ್ತವೆ. ಮೇಲೆ, ಕೆಳಗೆ, ಪಕ್ಕದಲ್ಲಿ ಎಲ್ಲೂ ಸಂದು ಇರಬಾರದು. ಬೆಡ್ಡಿಂಗ್ (ತಳಕ್ಕೆ ಹಾಕುವ ಹಾಸು) ಕೆಳಗೆ ಗಾಜಿನ ತಳದವರೆಗೂ ಜಾಲರಿ ಇಳಿದಿರಬೇಕು, ಇವು ಕೆಳಗಿಂದ ಸುರಂಗ ಹೊಡೆಯುತ್ತವೆ. ಇಬ್ಬರಿಗೂ ಬೇರೆ ಬೇರೆ ನೀರು, ಊಟ, ಗೂಡು.

ಆಮೇಲೆ ದಿನಕ್ಕೆ ಎರಡು ಮೂರು ಸಲ ಇಬ್ಬರ ಜಾಗ ಅದಲು ಬದಲು. ಚುಕ್ಕಿ ಮಸಿಯ ಗೂಡಲ್ಲಿ ಮಲಗಬೇಕು, ಮಸಿ ಚುಕ್ಕಿಯದರಲ್ಲಿ. ಗೂಡು ಬದಲಿಸಬೇಡಿ, ಬೆಡ್ಡಿಂಗ್ ತೊಳೆಯಬೇಡಿ. ಇಡೀ ಆಟ ಇರುವುದೇ ಆ ವಾಸನೆಯಲ್ಲಿ. ಮರಿಗಳಾದರೆ ಕೆಲವೇ ದಿನ ಸಾಕು. ದೊಡ್ಡ ಹೆಣ್ಣುಗಳಿಗೆ ನಾನು ಎರಡು ವಾರಕ್ಕಿಂತ ಕಮ್ಮಿ ಹೇಳುವುದಿಲ್ಲ.

ಒಂಟಿಸಲಗ:
ಎಲ್ಲರೂ ಹೇಗೆ ಸೇರಿಸುವುದು ಅಂತಲೇ ಹೇಳುತ್ತಿದ್ದೀರಿ. ಸೇರಿಸಲೇಬೇಕಾ ಅಂತ ಯಾರೂ ಕೇಳುತ್ತಿಲ್ಲ. ನನ್ನ ಹೆಣ್ಣು ಜೊತೆಗಾತಿ ಹೋದ ಮೇಲೆ ಒಂದೂವರೆ ವರ್ಷ ಒಂಟಿಯಾಗಿಯೇ ಇತ್ತು. ದಿನಾ ಸಂಜೆ ನನ್ನ ತೋಳಿನ ಮೇಲೆ ಓಡಾಡುತ್ತಿತ್ತು, ಖುಷಿಯಾಗಿಯೇ ಇತ್ತು. ಬೇಸರ ಆಗಿರುವುದು ಚುಕ್ಕಿಗೋ ಮರಳುಮನೆಯವರಿಗೋ?

ರಾತ್ರಿಪಾಳಿ:
ಸ್ವಲ್ಪ ಮೆತ್ತಗೆ ಮಾತಾಡಬಹುದಿತ್ತು.

ಮರಳುಮನೆ:
ಇರಲಿ ಬಿಡಿ, ಆ ಪ್ರಶ್ನೆ ನನಗೂ ಬಂದಿದೆ. ನಿಜ ಹೇಳಬೇಕೆಂದರೆ ಎರಡೂ. ಆದರೆ ಮಿಂಚು ಇದ್ದಾಗ ಇವರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಮಲಗುತ್ತಿದ್ದರು. ಚುಕ್ಕಿ ಕತ್ತು ಚಾಚಿ ಗಲ್ಲದ ಕೆಳಗೆ ನೆಕ್ಕಿಸಿಕೊಳ್ಳುತ್ತಿದ್ದಳು. ಅದನ್ನು ನಾನು ಮಾಡಲು ಆಗಲ್ಲವಲ್ಲ.

ಒಂಟಿಸಲಗ:
ಅದು ಸರಿ. ನಾನು ಹೇಳಿದ್ದು ಇಷ್ಟೇ. ಗಾಯವಾಗಿ ಸಾಯುವುದಕ್ಕಿಂತ ಒಂಟಿಯಾಗಿ ಬದುಕುವುದು ಮೇಲು. ಎರಡು ಸಲ ನೋಡಿ, ಆಗದಿದ್ದರೆ ಬಿಟ್ಟುಬಿಡಿ.

ಕ್ಲಿನಿಕ್ಕಿನವಳು:
ನಾನು ಒಂದು ಚಿಕ್ಕ ಪ್ರಾಣಿಗಳ ಕ್ಲಿನಿಕ್ಕಲ್ಲಿ ಸಹಾಯಕಿ. ವೆಟ್ ಅಲ್ಲ. ಜಾಲರಿಗೆ ಮುಂಚೆ ಎರಡು ವಿಷಯ ನೋಡಿಕೊಳ್ಳಿ.

ಒಂದು, ಚುಕ್ಕಿಯ ಹೊಟ್ಟೆ. ವಯಸ್ಸಾದ ಹೆಣ್ಣು ಜರ್ಬಿಲ್‌ಗಳಿಗೆ ಅಂಡಾಶಯದಲ್ಲಿ ನೀರುಗುಳ್ಳೆ ಆಗುವುದು ಸಾಮಾನ್ಯ. ಎರಡೂ ಪಕ್ಕೆ ಉಬ್ಬಿರುತ್ತದೆ, ಕೂದಲು ತೆಳ್ಳಗಾಗಿರುತ್ತದೆ, ಸ್ವಭಾವವೂ ಸಿಡುಕು. ಮಲಗುವುದು ಜಾಸ್ತಿಯಾಗಿದೆ ಅಂದಿರಲ್ಲ, ದುಃಖ ಅಂತ ಸುಮ್ಮನೆ ಬಿಡಬೇಡಿ, ಒಮ್ಮೆ ತೋರಿಸಿ. ಹೊಟ್ಟೆಯ ಗ್ರಂಥಿಯನ್ನೂ ನೋಡಿಸಿ. ವಯಸ್ಸಾದವಕ್ಕೆ ಅಲ್ಲಿ ಗಡ್ಡೆ ಬರುತ್ತದೆ. ಮೊದಲಿಗೆ ಸಣ್ಣ ಹುಣ್ಣಿನ ಹಾಗೆ ಕಾಣುತ್ತದೆ.

ಎರಡು, ಮಸಿ ಹೆಣ್ಣೇ ಹೌದಾ? ಕೊಟ್ಟವರು ಹೇಳಿದ್ದನ್ನು ನಂಬಬೇಡಿ.

ಮರಳುಮನೆ:
ಅಯ್ಯೋ. ಹೇಗೆ ನೋಡುವುದು?

ಕ್ಲಿನಿಕ್ಕಿನವಳು:
ಒಂದು ಗಾಜಿನ ಪಾತ್ರೆಯಲ್ಲಿ ಬಿಟ್ಟು ಕೆಳಗಿಂದ ನೋಡಿ. ಹೆಣ್ಣಿಗೆ ಎರಡು ರಂಧ್ರಗಳ ನಡುವೆ ಅಂತರ ತೀರಾ ಕಮ್ಮಿ. ಗಂಡಿಗೆ ಅಂತರ ಜಾಸ್ತಿ, 11 ತಿಂಗಳ ಗಂಡಾದರೆ ಬಾಲದ ಬುಡದಲ್ಲಿ ಉಬ್ಬು ಎದ್ದು ಕಾಣುತ್ತದೆ. ಎತ್ತುವಾಗ ಬಾಲ ಹಿಡಿಯಬೇಡಿ. ಚರ್ಮ ಸಿಪ್ಪೆಯ ಹಾಗೆ ಕಳಚಿ ಕೈಯಲ್ಲೇ ಉಳಿಯುತ್ತದೆ, ಮತ್ತೆ ಬೆಳೆಯಲ್ಲ.

ಬಾಲಂಗೋಚಿ:
ನನ್ನ ಹೆಸರಿಗೇ ಅವಮಾನ.

ಮರಳುಮನೆ:
ನೋಡಿದೆ. ಹೆಣ್ಣೇ. ಉಸಿರು ಬಂತು.

ತೂಕಡಿಕೆ:
ಗಂಡಾಗಿದ್ದಿದ್ದರೆ 24-26 ದಿನದಲ್ಲಿ ಮರಿ, ಹೆತ್ತ ದಿನವೇ ಮತ್ತೆ ಗಬ್ಬ. ನಮ್ಮ ಮನೆಯಲ್ಲಿ ಎರಡು ಇದ್ದದ್ದು ಹನ್ನೊಂದಾಯಿತು.

ಸಣ್ಣಹೆಜ್ಜೆ:
ವೆನಿಲ್ಲಾ ಎಸೆನ್ಸ್ ಎರಡಕ್ಕೂ ಸ್ವಲ್ಪ ಸವರಿದರೆ ಒಂದೇ ವಾಸನೆ ಆಗುತ್ತದೆ ಅಂತ ಎಲ್ಲೋ ಓದಿದ್ದೆ. ಜಾಲರಿ ಹಾಕಿ ಎರಡು ವಾರ ಕಾಯುವುದು ತಪ್ಪುತ್ತೆ.

ಹಳೇಜೋಡಿ:
ಆರುವ ತನಕ ಒಂದೇ ವಾಸನೆ. ಆರಿದ ಮೇಲೆ? ನೀವು ನಿದ್ದೆ ಮಾಡುತ್ತಿರುತ್ತೀರಿ.

ಸಣ್ಣಹೆಜ್ಜೆ:
ಒಬ್ಬರಿಗೆ ಕೆಲಸ ಮಾಡಿದೆ ಅಂತ ಬರೆದಿದ್ದರು.

ನಿಧಾನವೇಪ್ರಧಾನ:
ಒಬ್ಬರಿಗೆ ಕೆಲಸ ಮಾಡಿದ್ದನ್ನು ಬರೆಯುತ್ತಾರೆ, ಮಾಡದವರು ಬರೆಯಲ್ಲ. ಹಾಗಾಗಿ ನಾನು ಬರೆಯುತ್ತೇನೆ.

ನನ್ನವು ಎರಡು ಹೆಣ್ಣು, ಒಂದು ವರ್ಷ ದಾಟಿದವು. ಜಾಲರಿ 18 ದಿನ ಹಾಕಿದ್ದೆ. ಸೇರಿದವು. ಒಂದೇ ಗೂಡು, ಒಂದೇ ಮರಳಿನ ಬಟ್ಟಲಲ್ಲಿ ಸ್ನಾನ. ಎರಡು ತಿಂಗಳು ಎಲ್ಲ ಚೆಂದ. ಒಂದು ರಜೆಯ ದಿನ ನನಗೆ ಉತ್ಸಾಹ ಬಂತು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸೋಪು ಹಾಕಿ ತೊಳೆದು, ಹೊಸ ಬೆಡ್ಡಿಂಗ್, ಹೊಸ ಮನೆ, ದೊಡ್ಡ ವೀಲ್ (ಒಳಗೆ ಓಡುವ ಚಕ್ರ) ಎಲ್ಲ ಹಾಕಿದೆ. ಫೋಟೋ ಕೂಡ ತೆಗೆದೆ. ಸಂಜೆ ಬಂದು ನೋಡಿದರೆ ಒಂದು ವೀಲ್ ಹಿಂದೆ ಅಡಗಿ ಕೂತಿದೆ, ಬೆನ್ನ ಕೆಳಭಾಗವೆಲ್ಲ ಗಾಯ. ಇನ್ನೊಂದು ಕಾಲು ಬಡಿಯುತ್ತಾ ಟ್ಯಾಂಕ್ ತುಂಬಾ ಗಸ್ತು ತಿರುಗುತ್ತಿತ್ತು. ಗಾಯವಾದದ್ದು ಉಳಿಯಿತು. ಆದರೆ ಮತ್ತೆ ಜಾಲರಿ ಹಾಕಿದರೂ ಆಗಲೇ ಇಲ್ಲ, ಕೊನೆಯವರೆಗೂ ಬೇರೆ ಬೇರೆಯೇ ಇದ್ದವು.

ಎರಡು ತಿಂಗಳು ಸೇರಿಸಿದ್ದ ವಾಸನೆಯನ್ನು ನಾನೇ ಸೋಪು ಹಾಕಿ ತೊಳೆದಿದ್ದೆ.

ಹಳೇಜೋಡಿ:
ಇದನ್ನು ಎಲ್ಲರೂ ಎರಡು ಸಲ ಓದಿ. ಸೇರಿದ ಮೇಲೂ ಮೂರು ವಾರ ಟ್ಯಾಂಕ್ ಮುಟ್ಟಬಾರದು. ಆಮೇಲೂ ಒಂದು ಸಲಕ್ಕೆ ಮೂರನೇ ಒಂದು ಭಾಗ ಮಾತ್ರ ಬದಲಿಸಿ, ಹಳೇ ಗೂಡು ಹಾಗೇ ಉಳಿಯಲಿ.

ಕ್ಲಿನಿಕ್ಕಿನವಳು:
ಅದೇ ಕಾರಣಕ್ಕೆ, ಜೋಡಿಯಲ್ಲಿ ಒಂದಕ್ಕೆ ಹುಷಾರಿಲ್ಲ ಅಂದರೂ ಎರಡನ್ನೂ ಕರೆದುಕೊಂಡು ಬನ್ನಿ. ಒಂದನ್ನೇ ತಂದು ರಾತ್ರಿ ಉಳಿಸಿಕೊಂಡರೆ ವಾಪಸು ಹೋಗುವಾಗ ಅದು ಕ್ಲಿನಿಕ್ಕಿನ ವಾಸನೆ ಹೊತ್ತ ಅಪರಿಚಿತ.

ತೂಕಡಿಕೆ:
ದೊಡ್ಡ ಹೆಣ್ಣಿಗೆ ಮರಿ ತಂದರೆ ಸುಲಭ ಅಲ್ವಾ?

ರಾತ್ರಿಪಾಳಿ:
ತುಂಬಾ ಸುಲಭ. 6ರಿಂದ 8 ವಾರದ ಮರಿಯಾದರೆ ದೊಡ್ಡವು ಪೈಪೋಟಿ ಅಂತ ನೋಡುವುದು ಕಮ್ಮಿ. 10-12 ವಾರ ದಾಟಿದರೆ ದೊಡ್ಡದೆಂದೇ ಲೆಕ್ಕ. ಆಗಲೂ ಜಾಲರಿ ಬೇಕು, ಬರೀ ಬೇಗ ಮುಗಿಯುತ್ತದೆ. ಆದರೆ ಇವರ ಮನೆಗೆ ಮಸಿ ಈಗಾಗಲೇ ಬಂದಾಗಿದೆ. ಮರಿ ತಂದರೆ ಮೂರಾಗುತ್ತದೆ, ಮೂರು ಹೆಣ್ಣು ಬೇಡವೇ ಬೇಡ. ಇಬ್ಬರು ಸೇರಿ ಒಬ್ಬಳನ್ನು ಓಡಿಸುತ್ತಾರೆ.

ಒಂಟಿಸಲಗ:
ಇನ್ನೊಂದು ವಿಷಯ. ಇವು ಬದುಕುವುದು ಮೂರು ನಾಲ್ಕು ವರ್ಷ. ಮುದುಕಿಗೆ ಮರಿ ತಂದರೆ ಮುದುಕಿ ಹೋದ ಮೇಲೆ ಆ ಮರಿ ಒಂಟಿ. ಅದಕ್ಕೆ ಮತ್ತೊಂದು ಮರಿ. ಮುಗಿಯದ ಕತೆ.

ರಾತ್ರಿಪಾಳಿ:
ಅದೂ ನಿಜ. ನಾನು ಹಾಗೆ ಐದನೆಯದರಲ್ಲಿದ್ದೇನೆ 🙂

ಸಣ್ಣಹೆಜ್ಜೆ:
ಸಂತಾನಹರಣ ಮಾಡಿದ ಗಂಡು?

ಕ್ಲಿನಿಕ್ಕಿನವಳು:
ದೊಡ್ಡ ಹೆಣ್ಣಿಗೆ ಒಳ್ಳೆಯ ಜೊತೆಯೇ, ಹೆಣ್ಣು ಹೆಣ್ಣಿಗಿಂತ ಸಲೀಸು. ಆದರೆ ಇಷ್ಟು ಚಿಕ್ಕ ಪ್ರಾಣಿಗೆ ಅರಿವಳಿಕೆ ಕೊಡುವುದರಲ್ಲೇ ಅಪಾಯ ಇದೆ. ಆಪರೇಷನ್ ಆದ ಮೇಲೂ ಕೆಲವು ವಾರ ಮರಿ ಮಾಡುವ ಶಕ್ತಿ ಉಳಿದಿರುತ್ತದೆ. ಜೊತೆಗಾಗಿಯೇ ಚಾಕು ಹಾಕಿಸಬೇಕಾ ಅಂತ ಯೋಚಿಸಿ.

ಮರಳುಮನೆ:
5ನೇ ದಿನದ ವರದಿ. ಚುಕ್ಕಿಯನ್ನು ತೋರಿಸಿದೆ, ಹೊಟ್ಟೆ ಸರಿಯಿದೆಯಂತೆ. ಮಸಿಯ ಗಾಯ ಒಣಗಿದೆ. ಜಾಲರಿ ಹಾಕಿ ಮೂರು ದಿನ.

ಮೊದಲ ರಾತ್ರಿ ಚುಕ್ಕಿ ಹಿಂಗಾಲು ಬಡಿಯುತ್ತಲೇ ಇದ್ದಳು. ಟಕ ಟಕ ಟಕ. ಪಕ್ಕದ ಕೋಣೆಗೂ ಕೇಳುತ್ತಿತ್ತು. ಎರಡನೇ ದಿನ ಇಬ್ಬರೂ ಜಾಲರಿಯನ್ನೇ ಕಡಿದರು. ನಿನ್ನೆಯಿಂದ ಬೇರೆ ತರಹ. ಅದಲು ಬದಲು ಮಾಡಿದಾಗ ಚುಕ್ಕಿ ಮಸಿಯ ಗೂಡನ್ನೆಲ್ಲ ಎಳೆದು ಹೊರಗೆ ಹಾಕಿದಳು. ಅರ್ಧ ಗಂಟೆ ಬಿಟ್ಟು ತಾನೇ ಒಂದೊಂದೇ ಕಾಗದದ ಚೂರು ಬಾಯಲ್ಲಿ ಕಚ್ಚಿಕೊಂಡು ವಾಪಸು ಒಳಗೆ ತಂದಿಟ್ಟುಕೊಂಡಳು. ಇದು ಒಳ್ಳೆಯದಾ ಕೆಟ್ಟದ್ದಾ?

ಹಳೇಜೋಡಿ:
ಒಳ್ಳೆಯದು. ಬಾಯಲ್ಲಿ ಹಿಡಿದಳಲ್ಲ, ವಾಸನೆ ಸೇರಿತು.

ಪದಪ್ರೇಮಿ:
ವಿಷಯಾಂತರ ಕ್ಷಮಿಸಿ. ಇವುಗಳ ವೈಜ್ಞಾನಿಕ ಹೆಸರು ಮೆರಿಯೋನಿಸ್ ಉಂಗ್ವಿಕ್ಯುಲೇಟಸ್. ಮೆರಿಯೋನಿಸ್ ಅಂದರೆ ಗ್ರೀಕ್ ಪುರಾಣದ ಒಬ್ಬ ಯೋಧ. ಎರಡನೇ ಪದಕ್ಕೆ ಉಗುರುಳ್ಳದ್ದು ಅಂತ ಅರ್ಥ. ಅಂದರೆ ಉಗುರಿನ ಯೋಧೆ! 1866ರಲ್ಲಿ ಫ್ರೆಂಚ್ ಪಾದ್ರಿ ಅರ್ಮಾಂಡ್ ಡೇವಿಡ್ ಉತ್ತರ ಚೀನಾದಿಂದ ಇವನ್ನು ಪ್ಯಾರಿಸ್ಸಿಗೆ ಕಳಿಸಿದ್ದು, ಮರುವರ್ಷ ಮಿಲ್ನ್-ಎಡ್ವರ್ಡ್ಸ್ ಹೆಸರಿಟ್ಟದ್ದು.

ಬಾಲಂಗೋಚಿ:
ಹೆಸರಿಡುವಾಗ ಅವರೂ ಬೆರಳು ಕಚ್ಚಿಸಿಕೊಂಡಿದ್ದಿರಬೇಕು.

ಪದಪ್ರೇಮಿ:
ಇನ್ನೂ ಇದೆ. 1954ರಲ್ಲಿ ಜಪಾನಿನಿಂದ 11 ಜೋಡಿ ಅಮೆರಿಕಕ್ಕೆ ಪ್ರಯೋಗಾಲಯಕ್ಕೆಂದು ಹೋದವು. ಇವತ್ತು ಸಾಕುತ್ತಿರುವುದರಲ್ಲಿ ಹೆಚ್ಚಿನವು ಆ ಸಂತತಿಯವೇ.

ಇಲಿಬಾಲ:
ಹಾಗಾದರೆ ಚುಕ್ಕಿ ಮಸಿ ದೂರದ ಸಂಬಂಧಿಗಳೇ. ಸಂಬಂಧಿಗಳ ಜಗಳ ಅಂದರೆ ಇನ್ನೂ ಕಷ್ಟ.

ತೂಕಡಿಕೆ:
ಅದಕ್ಕೇ ಇವುಗಳಿಗೆ ಫಿಟ್ಸ್ ಬರುವುದಾ? ನಮ್ಮದೊಂದು ಎತ್ತಿದ ಕೂಡಲೇ ನಡುಗಿ ಬಿದ್ದುಬಿಡುತ್ತಿತ್ತು.

ಕ್ಲಿನಿಕ್ಕಿನವಳು:
ಕೆಲವು ವಂಶಗಳಲ್ಲಿ ಜಾಸ್ತಿ, ಹೌದು. ಹೊಸ ಜಾಗ, ಗಾಬರಿ ಆದಾಗ ಬರುತ್ತದೆ. ಮುಟ್ಟದೆ, ಸದ್ದು ಮಾಡದೆ ಬಿಡಿ, ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಮರಳುಮನೆಯವರೇ, ಜಾಲರಿ ತೆಗೆಯುವ ದಿನ ಇದನ್ನೂ ನೆನಪಿಟ್ಟುಕೊಳ್ಳಿ.

ಮರಳುಮನೆ:
12ನೇ ದಿನ. ಇವತ್ತು ಬೆಳಿಗ್ಗೆ ಇಬ್ಬರೂ ಜಾಲರಿಗೆ ಒರಗಿ ಮಲಗಿದ್ದರು, ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ಮಸಿಯ ಕಪ್ಪು ಕೂದಲು ಜಾಲರಿಯ ಕಣ್ಣಿನಿಂದ ಈಚೆ ಬಂದಿತ್ತು. ಚುಕ್ಕಿ ಎದ್ದು ಅದನ್ನು ನೆಕ್ಕಿದಳು. ತೆಗೆದುಬಿಡಲಾ?

ಹಳೇಜೋಡಿ:
ತಡೀರಿ. ಇನ್ನು ಮೂರು ನಾಲ್ಕು ದಿನ. ಮತ್ತೆ ತೆಗೆಯುವಾಗ:

ಬೆಳಿಗ್ಗೆ ತೆಗೆಯಿರಿ, ಇಡೀ ದಿನ ನೀವು ಮನೆಯಲ್ಲಿರುವ ದಿನ. ಟ್ಯಾಂಕ್ ಪೂರ್ತಿ ಬೇಡ, ಸಣ್ಣ ಜಾಗ ಸಾಕು. ವೀಲ್, ಮನೆ, ಕೊಳವೆ ಏನೂ ಇರಬಾರದು. ಇದ್ದರೆ ಒಬ್ಬಳು ಅದನ್ನು ತನ್ನದು ಅಂತ ಕಾಯುತ್ತಾಳೆ. ದಪ್ಪ ತೊಗಲಿನ ಗ್ಲೌಸ್ ಹಾಕಿಕೊಂಡೇ ಕೂರಿ, ಪಕ್ಕದಲ್ಲಿ ಒಂದು ಬಟ್ಟಲು ಇರಲಿ, ಒಬ್ಬಳ ಮೇಲೆ ಕವುಚಿ ಹಾಕಲು.

ಮೂಸುವುದು, ನೆಕ್ಕುವುದು, ಒಂದರ ಮೇಲೊಂದು ಹತ್ತುವುದು, ಸ್ವಲ್ಪ ಅಟ್ಟಾಡಿಸುವುದು, ಕಿಚ್ ಅನ್ನುವುದು, ಇದೆಲ್ಲ ನಡೆಯುತ್ತದೆ, ಮಧ್ಯೆ ಹೋಗಬೇಡಿ. ಕೂದಲು ನಿಮಿರಿ, ಅಡ್ಡಕ್ಕೆ ತಿರುಗಿ ಪಕ್ಕೆಯಿಂದ ತಳ್ಳಲು ಶುರು ಮಾಡಿದರೆ ಎಚ್ಚರ. ನಿಂತು ಗುದ್ದಾಡಿದರೆ ಕೈ ಸಿದ್ಧ. ಉಂಡೆಯಾದರೆ ಅದೇ ಕ್ಷಣ ಬೇರೆ ಮಾಡಿ, ಮತ್ತೆ ಜಾಲರಿ.

ಒಂಟಿಸಲಗ:
ಬರಿಗೈ ಬೇಡ. ಈ ಸಲ ಮೂಳೆಗೇ ಇಳಿದೀತು.

ನಿಧಾನವೇಪ್ರಧಾನ:
ಸೋಪು ಬೇಡ.

ಮರಳುಮನೆ:
16ನೇ ದಿನ. ತೆಗೆದೆ.

ಬೆಳಿಗ್ಗೆ 8ಕ್ಕೆ. ಕೈ ನಡುಗುತ್ತಿತ್ತು, ಗ್ಲೌಸ್ ಹಾಕಿಕೊಂಡು ಜಾಲರಿ ಎಳೆಯಲು ಆಗದೆ ಒಂದನ್ನು ಬಿಚ್ಚಿದೆ (ಹಳೇಜೋಡಿಯವರು ಬೈಯಬೇಡಿ). ಮಸಿ ಕಲ್ಲಿನ ಹಾಗೆ ನಿಂತಳು. ಚುಕ್ಕಿ ಮೂತಿಯಿಂದ ಬಾಲದವರೆಗೆ ಮೂಸಿದಳು. ಆಮೇಲೆ ಅಟ್ಟಾಡಿಸಿದಳು, ಮೂರು ಸುತ್ತು. ಮಸಿ ನಿಂತು ತಿರುಗಿದಳು. ಚುಕ್ಕಿಯ ಬೆನ್ನ ಕೂದಲು ಎದ್ದಿತು. ನನ್ನ ಜೀವ ಬಾಯಿಗೆ ಬಂದಿತ್ತು, ಬಟ್ಟಲು ಎತ್ತಿಯೇಬಿಟ್ಟೆ. ಅಷ್ಟರಲ್ಲಿ ಮಸಿ ತಲೆ ತಗ್ಗಿಸಿ ಚುಕ್ಕಿಯ ಗಲ್ಲದ ಕೆಳಗೆ ಮೂತಿ ತೂರಿಸಿದಳು. ಚುಕ್ಕಿ ಹಾಗೇ ಸ್ವಲ್ಪ ಹೊತ್ತು ನಿಂತಳು. ಕೂದಲು ಇಳಿಯಿತು. ಮಸಿಯ ಕಿವಿಯ ಹಿಂದೆ ನೆಕ್ಕಲು ಶುರು ಮಾಡಿದಳು.

ಮಧ್ಯಾಹ್ನದವರೆಗೆ ಇನ್ನೂ ನಾಲ್ಕು ಸಲ ಅಟ್ಟಾಡಿಸಾಟ. ಉಂಡೆ ಆಗಲಿಲ್ಲ. ಈಗ ಸಂಜೆ 6. ಮೂಲೆಯಲ್ಲಿ ಇಬ್ಬರೂ ಕಾಗದ ಹರಿಯುತ್ತಿದ್ದಾರೆ.

ಇಲಿಬಾಲ:
ನಾನು ಕೂತಲ್ಲೇ ಚಪ್ಪಾಳೆ ಹೊಡೆದೆ.

ಸಣ್ಣಹೆಜ್ಜೆ:
ಫೋಟೋ!

ಹಳೇಜೋಡಿ:
ಬೈಯುತ್ತೇನೆ, ಆದರೆ ಆಮೇಲೆ. ರಾತ್ರಿ ಹತ್ತಿರವೇ ಇರಿ. ಮೊದಲ ಮೂರು ದಿನ ನಂಬಬೇಡಿ. ಜಾಗ ಹೆಚ್ಚಿಸಬೇಡಿ. ವೀಲ್ ಒಂದು ವಾರ ಆದ ಮೇಲೆ.

ಒಂಟಿಸಲಗ:
ನಾನು ಹೇಳಿದ್ದು ಸುಳ್ಳಾದರೆ ನನಗೇ ಖುಷಿ. ಆದರೆ ಇನ್ನೂ ಎರಡು ತಿಂಗಳು ಆಗಲಿ.

ರಾತ್ರಿಪಾಳಿ:
ಇವರಿಗೆ ಒಂದು ದಿನ ಖುಷಿಪಡಲೂ ಬಿಡಲ್ವಾ ನೀವು.

ಮರಳುಮನೆ:
18ನೇ ದಿನ, ರಾತ್ರಿ 1:40. ಟ್ಯಾಂಕ್ ಪಕ್ಕ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಇದು ಮೂರನೇ ರಾತ್ರಿ. ಈಗಷ್ಟೇ ಸದ್ದು ಕೇಳಿ ಎದೆ ಧಸಕ್ಕೆಂದು ಎದ್ದೆ. ನೋಡಿದರೆ ಚುಕ್ಕಿ ಸುರಂಗ ತೋಡುತ್ತಿದ್ದಾಳೆ. ಮಣ್ಣೆಲ್ಲ ಹಿಂದಕ್ಕೆ ಎರಚಿ ಮಸಿಯ ಮುಖಕ್ಕೆ ಹೊಡೆಯುತ್ತಿದೆ. ಮಸಿ ಕದಲುತ್ತಿಲ್ಲ, ಅಲ್ಲೇ ಕೂತಿದ್ದಾಳೆ.

ರಾತ್ರಿಪಾಳಿ:
ನಾನೂ ಎದ್ದೇ ಇದ್ದೇನೆ. ಗ್ಲೌಸ್ ಎಲ್ಲಿದೆ?

ಮರಳುಮನೆ:
ಎರಡೂ ಕೈಯಲ್ಲಿದೆ. ಟೈಪ್ ಮಾಡಲು ಆಗದೆ ಮೂಗಿನಲ್ಲಿ ಒತ್ತುತ್ತಿದ್ದೇನೆ.